ಉದ್ರಿಯ ಮೇಲೆ ಎದ್ದು ನಿಂತವರು

ಮುಂಡಗೋಡದಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ. ಅಪ್ಪನ ಕಾಲದಿಂದಲೂ ಟಿಬೆಟನ್ ಕಾಲೋನಿಯವರು ನಮ್ಮ ಗಿರಾಕಿಗಳು. ಪ್ರವಾಸಕ್ಕೆ ಬಂದವರು ಬೌದ್ಧ ಮಠ ನೋಡಿ, ಮೊಮೊ ತಿಂದು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನನಗೆ ಆಸಕ್ತಿ ಬೇರೆ: ಮನೆ-ಮಾರು ಬಿಟ್ಟು ಬಂದ ಈ ಜನ ಹೊಟ್ಟೆಪಾಡಿಗೆ ದಾರಿ ಹೇಗೆ ಮಾಡಿಕೊಂಡರು?

1959ರ ಮಾರ್ಚಿನಲ್ಲಿ ಲ್ಹಾಸಾದಲ್ಲೆದ್ದ ದಂಗೆಯನ್ನು ಚೀನಾದ ಸೈನ್ಯ ಹತ್ತಿಕ್ಕಿತು. ದಲೈ ಲಾಮಾ ಭಾರತಕ್ಕೆ ಬಂದರು, ಅವರ ಬೆನ್ನಿಗೆ ಸಾವಿರಾರು ಜನ ಹಿಮಾಲಯ ದಾಟಿದರು. ಮೊದಲು ಎಷ್ಟೋ ಜನಕ್ಕೆ ಸಿಕ್ಕಿದ್ದು ಗುಡ್ಡದಲ್ಲಿ ರಸ್ತೆ ಕಡಿಯುವ ಕೂಲಿ. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. 1966ರಲ್ಲಿ ನಮ್ಮ ತಾಲೂಕಿನಲ್ಲೂ ಸುಮಾರು 4,000 ಎಕರೆ ಕೊಟ್ಟಿತು. ಅದಕ್ಕೆ ಅವರಿಟ್ಟ ಹೆಸರು ದೋಗುಲಿಂಗ್. ನಮ್ಮ ಬಾಯಲ್ಲಿ ಇವತ್ತಿಗೂ ‘ಒಂದನೇ ಕ್ಯಾಂಪ್, ಆರನೇ ಕ್ಯಾಂಪ್’.

ಥಂಡಿ ನಾಡಿನಲ್ಲಿ ಬಾರ್ಲಿ ಬೆಳೆದು, ಯಾಕ್ ಮೇಯಿಸಿದವರು ಇಲ್ಲಿಯ ಸೆಕೆಯಲ್ಲಿ ಗೋವಿನಜೋಳ, ಭತ್ತ ಕಲಿಯಬೇಕಾಯಿತು. “ಅವರ ಮಾತು ನಮಗ ತಿಳೀತಿರಲಿಲ್ಲ, ನಮ್ಮದು ಅವರಿಗೆ. ಬೀಜ ಅಂಗೈಯಾಗ ಹಿಡಿದು ತೋರಿಸಿ ವ್ಯಾಪಾರ ಮಾಡ್ತಿದ್ವಿ” ಅನ್ನುತ್ತಿದ್ದರು ಅಪ್ಪ.

ಆದರೆ ಮಳೆ ನಂಬಿದ ಹೊಲವೊಂದೇ ಸಂಸಾರವನ್ನು ಎಷ್ಟು ದಿನ ಹೊತ್ತೀತು? ಅವರನ್ನು ಕಾಪಾಡಿದ್ದು ಸ್ವೆಟರ್. ಗೋವಿನಜೋಳದ ಕಟಾವು ಮುಗಿಯುವ ಹೊತ್ತಿಗೆ ಉತ್ತರದಲ್ಲಿ ಚಳಿ ಶುರು. ಲುಧಿಯಾನದ ಸಗಟು ವ್ಯಾಪಾರಿಗಳು ಬಹಳಷ್ಟು ಮಾಲನ್ನು ಉದ್ರಿ ಕೊಡುತ್ತಾರೆ. ಗಂಡ-ಹೆಂಡಿರು ಅದನ್ನು ಹೇರಿಕೊಂಡು ದೂರದ ಊರುಗಳ ಫುಟ್‌ಪಾತಿನಲ್ಲಿ, ಬಯಲಿನಲ್ಲಿ ಅಂಗಡಿ ಹಾಕುತ್ತಾರೆ. ಸೀಸನ್ ಮುಗಿದ ಮೇಲೆ ಬಾಕಿ ಚುಕ್ತಾ ಮಾಡಿ, ಲೋಸಾರ್ ಹಬ್ಬದ ಹೊತ್ತಿಗೆ ಕ್ಯಾಂಪಿಗೆ ವಾಪಸ್. ಹೊಲ ಖಾಲಿ ಇರುವ ತಿಂಗಳುಗಳಿಗೇ ಈ ವ್ಯಾಪಾರ ಹೊಂದಿಕೊಂಡಿತು. ಅಡವಿಡಲು ಸ್ವಂತ ಜಮೀನಿಲ್ಲದ ನಿರಾಶ್ರಿತನಿಗೆ ಸಾಲ ಕೊಡುವವರು ಯಾರು? ಇಲ್ಲಿ ಮಾತೇ ಜಾಮೀನು. ಒಬ್ಬ ಬಾಕಿ ಮುಳುಗಿಸಿದರೆ ಎಲ್ಲರ ಹೆಸರೂ ಕೆಡುತ್ತದೆ. ಉದ್ರಿ ಕೊಟ್ಟು ಕೈ ಸುಟ್ಟುಕೊಳ್ಳುವ ನನ್ನಂಥ ಅಂಗಡಿಕಾರನಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಸಹಕಾರಿ ಸೊಸೈಟಿ, ಶಾಲೆ, ಆಸ್ಪತ್ರೆಗಳೂ ಬಂದವು. ಬಂಗಾಳದ ಬಕ್ಸಾ ಶಿಬಿರದಲ್ಲಿ ಕ್ಷಯರೋಗಕ್ಕೆ ಎಷ್ಟೋ ಜನರನ್ನು ಕಳೆದುಕೊಂಡಿದ್ದ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳ ಸನ್ಯಾಸಿಗಳು 1970ರ ಸುಮಾರಿಗೆ ಇಲ್ಲಿಗೆ ಬಂದರು. ಆಗ ಲಾಮಾಗಳೂ ಹೊಲದಲ್ಲಿ ದುಡಿದವರೇ. ಈಗ ಆ ಮಠಗಳಿಗೆ ಹಾಲು, ತರಕಾರಿ ಹೋಗುವುದು ನಮ್ಮವರಿಂದ, ಆಟೊ ಓಡಿಸುವವರೂ ನಮ್ಮವರು.

ಇದನ್ನೆಲ್ಲ ನೋಡುವಾಗ ನನಗೆ ನಮ್ಮದೇ ಜಿಲ್ಲೆಯ ಜೋಯಿಡಾ ಕಡೆಯವರು ನೆನಪಾಗುತ್ತಾರೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪಟ್ಟಣವೇ ಮುಳುಗಿತು. ಅಲ್ಲಿಯ ಎಷ್ಟೋ ಕುಟುಂಬಗಳು ಅದೇ ತಾಲೂಕಿನ ರಾಮನಗರಕ್ಕೆ ಹೋದವು. ಅದೇ ಜಿಲ್ಲೆ, ಅದೇ ಮಳೆ. ಯುದ್ಧವಲ್ಲ, ವಿದ್ಯುತ್ತು ಅವರನ್ನು ಎಬ್ಬಿಸಿತು. ಟಿಬೆಟಿನವರಿಗೆ ಜಗತ್ತಿನ ಕಣ್ಣು, ಹೊರದೇಶದ ನೆರವು ಎರಡೂ ಇದ್ದವು. ಸೂಪಾದವರ ಸುದ್ದಿ ಜಿಲ್ಲೆ ದಾಟಿದ್ದೇ ಕಡಿಮೆ. ಪರಿಹಾರದ ಹಣ ಕೊಟ್ಟ ಮಾತ್ರಕ್ಕೆ ಬದುಕು ಮತ್ತೆ ಕಟ್ಟಿದಂತಾಗುವುದಿಲ್ಲ. ಜಮೀನಿನ ಜೊತೆ ಶಾಲೆ, ಸೊಸೈಟಿ, ಹಳೆಯ ನೆರೆಹೊರೆ, ನಂಬಿ ಮಾಲು ಕೊಡುವ ವ್ಯಾಪಾರಿ, ಇಷ್ಟೂ ಬೇಕು.

ಹಾಗಂತ ಕ್ಯಾಂಪಿನವರದು ಸುಖದ ಬಾಳು ಅನ್ನಲಾರೆ. ಜಮೀನು ಇಂದಿಗೂ ಅವರ ಸ್ವಂತದ್ದಲ್ಲ, ಸರ್ಕಾರದ ಗುತ್ತಿಗೆಯದು. ಕೇಂದ್ರ 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿ ತಂದಾಗಲೂ ಹೇಳಿದ್ದು ಗುತ್ತಿಗೆಯ ಮಾತೇ. ಹುಡುಗರು ಬೆಂಗಳೂರು, ಕೆನಡಾ ಅಂತ ಹೊರಟಿದ್ದಾರೆ. ಉಳಿದ ಮುದುಕರು ಹೊಲವನ್ನು ನಮ್ಮ ರೈತರಿಗೆ ಲಾವಣಿಗೆ ಹಾಕುತ್ತಾರೆ. ಬೀಜ ಒಯ್ಯಲು ಈಗ ಅಂಗಡಿಗೆ ಬರುವವರು ಹೆಚ್ಚಾಗಿ ಆ ಲಾವಣಿದಾರರೇ.

ಈ ಚಳಿಗಾಲದಲ್ಲಿ ಟಿಬೆಟನ್ ಮಾರ್ಕೆಟ್ಟಿನಲ್ಲಿ ಸ್ವೆಟರ್ ಕೊಳ್ಳುವಾಗ ಯಾವ ಊರೆಂದು ಒಮ್ಮೆ ಕೇಳಿ. ಮುಂಡಗೋಡ ಅಂದರೆ ಚೌಕಾಶಿ ಸ್ವಲ್ಪ ಕಡಿಮೆ ಮಾಡಿ.