ಮೊದಲು ಲೀನ್, ಆಮೇಲೆ ಸ್ಮಾರ್ಟ್

ನಮ್ಮ ಮಿನಿ ಪ್ರಾಜೆಕ್ಟ್‌ಗಳ ಪಟ್ಟಿ ನೋಡಿದರೆ ಅರ್ಧಕ್ಕರ್ಧ ಹೆಸರುಗಳು ‘ಸ್ಮಾರ್ಟ್’ ಅಂತಲೇ ಶುರುವಾಗುತ್ತವೆ. ಒಂದು ಸೆನ್ಸರ್, ಒಂದು ಬೋರ್ಡ್, ಮೊಬೈಲ್‌ನಲ್ಲಿ ಒಂದು ಗ್ರಾಫ್, ಮುಗೀತು. ಆದರೆ ಕಾರ್ಖಾನೆಯ ವಿಷಯಕ್ಕೆ ಬಂದರೆ ಸ್ಮಾರ್ಟ್‌ಗಿಂತ ಮೊದಲು ಬರಬೇಕಾದ ಪದ ‘ಲೀನ್’. ಅಂದ್ರೆ ಗ್ರಾಹಕನಿಗೆ ಬೇಡವಾದ ಕೆಲಸವನ್ನು ಹುಡುಕಿ ತೆಗೆಯುವುದು. ಟೊಯೋಟಾದ ತಾಯಿಚಿ ಓನೊ ಇಂಥ ವ್ಯರ್ಥಗಳನ್ನು ಏಳು ಬಗೆ ಅಂತ ಗುರುತಿಸಿದರು: ಬೇಕಾದ್ದಕ್ಕಿಂತ ಹೆಚ್ಚು ತಯಾರಿಕೆ, ಕಾಯುವುದು, ಸಾಗಾಟ, ಅನಗತ್ಯ ಸಂಸ್ಕರಣೆ, ದಾಸ್ತಾನು, ಸುಮ್ಮನೆ ಓಡಾಟ, ದೋಷ.

ದರ್ಶಿನಿಯ ಲೆಕ್ಕ

ಬಾಣಸವಾಡಿಯ ಒಂದು ದರ್ಶಿನಿ ಊಹಿಸಿಕೊಳ್ಳಿ. ಬೆಳಗ್ಗೆ 7.30ರಿಂದ 9.30ರ ತನಕ 240 ದೋಸೆ ಬೇಕು. 7200 ಸೆಕೆಂಡನ್ನು 240ರಿಂದ ಭಾಗಿಸಿದರೆ 30 ಸೆಕೆಂಡಿಗೊಂದು ದೋಸೆ. ಇದಕ್ಕೇ ಟ್ಯಾಕ್ಟ್ ಟೈಮ್ ಅಂತಾರೆ. ‘ಟ್ಯಾಕ್ಟ್’ ಜರ್ಮನ್ ಪದ, ನಮ್ಮ ಸಂಗೀತದ ತಾಳ ಇದ್ದ ಹಾಗೆ.

ಒಂದು ದೋಸೆ ಬೇಯಲು 3 ನಿಮಿಷ. ಭಟ್ಟರು 12 ಟೋಕನ್ ಸೇರುವ ತನಕ ಕಾದು ಒಟ್ಟಿಗೆ 12 ದೋಸೆ ಹುಯ್ದರೆ? ಮೊದಲ ಟೋಕನ್‌ನವರು ಉಳಿದ 11 ಜನ ಬರುವವರೆಗೆ ಐದೂವರೆ ನಿಮಿಷ, ಬೇಯಲು ಇನ್ನು 3 ನಿಮಿಷ, ಒಟ್ಟು ಎಂಟೂವರೆ ನಿಮಿಷ ನಿಲ್ಲಬೇಕು. ಅದರ ಬದಲು 30 ಸೆಕೆಂಡಿಗೊಂದು ಹುಯ್ದು, ಬೆಂದದ್ದನ್ನು ತೆಗೆಯುತ್ತಾ ಹೋದರೆ ಕಾವಲಿ ಮೇಲೆ ಯಾವಾಗಲೂ 6 ದೋಸೆ ಇರುತ್ತವೆ, ಕಾಯುವುದು 3 ನಿಮಿಷ ಅಷ್ಟೇ. ಕಾವಲಿ ಅದೇ, ಭಟ್ಟರೂ ಅವರೇ. ಬದಲಾದದ್ದು ಕೆಲಸದ ಕ್ರಮ ಮಾತ್ರ. 180 ಭಾಗಿಸು 30, ಆರು: ಇದು ನಾವು ಓದುವ ಲಿಟಲ್ಸ್ ಲಾ.

ಈಗ ಸೆನ್ಸರ್ ತನ್ನಿ. ಕಾವಲಿಯ ಬಿಸಿ ಎಷ್ಟು, ಯಾವ ಹೊತ್ತಿಗೆ ಎಷ್ಟು ಟೋಕನ್, ನಾಳೆಗೆ ಎಷ್ಟು ಹಿಟ್ಟು ರುಬ್ಬಬೇಕು, ಎಲ್ಲ ಗೊತ್ತಾಗುತ್ತದೆ. ಆದರೆ 12ರ ಅಭ್ಯಾಸ ಹಾಗೇ ಉಳಿದರೆ? ಜನ ಎಂಟೂವರೆ ನಿಮಿಷ ಕಾಯ್ತಿದ್ದಾರೆ ಅಂತ ಪರದೆ ಚೆನ್ನಾಗಿ ತೋರಿಸುತ್ತದೆ, ಅಷ್ಟೇ.

ಎಲ್ಲಿ ಕಲಿಸುತ್ತಾರೆ?

ಇದಕ್ಕೆ ದೂರ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ ಸಮರ್ಥ್ ಉದ್ಯೋಗ್ ಯೋಜನೆಯಡಿ ನಮ್ಮೂರಲ್ಲೇ ಎರಡು ಕೇಂದ್ರಗಳಿವೆ. ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ತುಮಕೂರು ರಸ್ತೆಯ ಸಿಎಂಟಿಐನಲ್ಲಿ. ಬಿಡದಿಯಲ್ಲಿ ಟೊಯೋಟಾ 2007ರಿಂದ ತನ್ನದೇ ತಾಂತ್ರಿಕ ತರಬೇತಿ ಸಂಸ್ಥೆ ನಡೆಸುತ್ತಿದೆ.

ಕೆಲಸ ಹೋಗುತ್ತಾ?

ಪೂರ್ವ ಬೆಂಗಳೂರಲ್ಲಿ ಈ ಪ್ರಶ್ನೆ ಸುಮ್ಮನೆ ಬರುವುದಿಲ್ಲ. 1948ರಲ್ಲಿ ಶುರುವಾದ ದೂರವಾಣಿನಗರದ ಐಟಿಐ ಒಂದು ಕಾಲಕ್ಕೆ ಸಾವಿರಾರು ಮನೆಗಳ ಅನ್ನ. ನಮಗೆ ಹತ್ತಿರದ ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್, ಮೋಟರ್ ಮಾಡುತ್ತಿದ್ದ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಇಂಥ ಕಡೆ ‘ಲೀನ್’ ಅಂದರೆ ‘ಜನರನ್ನು ತೆಗೀತಾರೆ’ ಅಂತ ಕೇಳಿಸುವುದು ಸಹಜ.

ಆದರೆ ಟೊಯೋಟಾದ ಮೂಲ ಪಾಠ ಬೇರೆ. ಸಕಿಚಿ ಟೊಯೋಡಾ ಮಾಡಿದ ಮಗ್ಗ ನೂಲು ಹರಿದ ತಕ್ಷಣ ತಾನೇ ನಿಲ್ಲುತ್ತಿತ್ತು. ಅದೂ ಒಂಥರಾ ಸ್ಮಾರ್ಟ್ ಯಂತ್ರವೇ, ಕಂಪ್ಯೂಟರ್ ಇಲ್ಲದ ಕಾಲದ್ದು! ಕಾರು ಕಾರ್ಖಾನೆಯಲ್ಲಿ ಅದೇ ಹಕ್ಕು ಕೆಲಸಗಾರರಿಗೂ ಸಿಕ್ಕಿತು. ದೋಷ ಕಂಡರೆ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ವ್ಯರ್ಥ ಎಲ್ಲಿದೆ ಅಂತ ಮೊದಲು ಗೊತ್ತಾಗುವುದು ಕೈಯಲ್ಲಿ ಕೆಲಸ ಮಾಡುವವರಿಗೆ. ಅದನ್ನು ಹೇಳಿದವರ ಕೆಲಸವೇ ಹೋದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ; ಅಲ್ಲಿಗೆ ಲೀನ್ ಕೂಡ ಮುಗಿಯಿತು. ನಾಳೆ ಇಂಥ ಲೈನ್‌ಗಳನ್ನು ರೂಪಿಸುವವರು ನಾವೇ ಆದ್ದರಿಂದ ಇದು ನೆನಪಿರಬೇಕು.

ಹಾಗಾಗಿ ಮುಂದಿನ ಪ್ರಾಜೆಕ್ಟ್‌ಗೆ ಸೆನ್ಸರ್ ಆರ್ಡರ್ ಮಾಡುವ ಮೊದಲು ಒಂದು ಗಂಟೆ ಸ್ಟಾಪ್‌ವಾಚ್ ಹಿಡಿದು ಕ್ಯಾಂಟೀನಲ್ಲೋ ಜೆರಾಕ್ಸ್ ಅಂಗಡೀಲೋ ನಿಂತು ನೋಡೋಣ. ಎಲ್ಲಿ ಕಾಯ್ತಾರೆ, ಯಾಕೆ ಕಾಯ್ತಾರೆ ಅಂತ ಬರೆದುಕೊಳ್ಳೋಣ. ಅಲ್ಲಿ ಕೆಲಸ ಮಾಡುವ ಅಣ್ಣನನ್ನೂ ಒಂದು ಮಾತು ಕೇಳೋಣ. ಸೆನ್ಸರ್ ಎಲ್ಲಿ ಹಾಕಬೇಕು ಅನ್ನೋದು ಆಮೇಲೆ ತಾನಾಗಿ ಗೊತ್ತಾಗುತ್ತದೆ.