ನಗಿಸುವವನಿಗೂ ತಾಲೀಮು ಬೇಕು
ರಾಯಚೂರಿನ ಕಲ್ಮಲದ ಕಡೆ ದೊಡ್ಡಾಟದ ಅಭ್ಯಾಸಕ್ಕೆ ‘ತಾಲೀಮು’ ಅನ್ನುತ್ತಾರೆ. ನಮ್ಮ ಮದ್ರಸದ ‘ತಅಲೀಮ್’ ಕೂಡ ಅದೇ ಅರಬಿ ಪದ, ಅರ್ಥ, ಕಲಿಸುವುದು.

ಹಗಲಿಡೀ ಹೊಲದಲ್ಲಿ ದುಡಿದವರು ರಾತ್ರಿ ಮಾಸ್ತರರ ಮುಂದೆ ಸೇರುತ್ತಾರೆ. ಓದು ಬಾರದವರೂ ಮಾತು, ಹಾಡು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಾರೆ. ಹೆಜ್ಜೆ ಮದ್ದಳೆಗೆ ಕೂಡುವ ತನಕ ಬಿಡುವಿಲ್ಲ.

ನಗಿಸುವ ಸಾರಥಿಯ ಕೆಲಸ ಇನ್ನೂ ಕಷ್ಟ. ರಂಗಕ್ಕೆ ಬಂದ ಪಾತ್ರವನ್ನು ಯಾರೆಂದು ಕೇಳಿ ಮಾತಿಗೆಳೆಯುವವನು ಅವನೇ. ಹಾಗಾಗಿ ತನ್ನ ಮಾತಷ್ಟೇ ಕಲಿತರೆ ಸಾಲದು, ಎದುರಿನವರ ಮಾತೂ ಗೊತ್ತಿರಬೇಕು. ನಮ್ಮ ಕರಾವಳಿಯ ಯಕ್ಷಗಾನದ ಹಾಸ್ಯಗಾರ ಮಾತನ್ನು ರಂಗದಲ್ಲೇ ಕಟ್ಟುತ್ತಾನೆ, ನಿಜ. ಅದಕ್ಕೂ ಪ್ರಸಂಗ ಪೂರ್ತಿ ತಿಳಿದಿರಬೇಕಲ್ಲವೇ?

ಮೀಲಾದ್ ವೇದಿಕೆಯಲ್ಲಿ ಮಗು ತಡವರಿಸಿದರೆ ‘ನಿನಗೆ ಬರೋದಿಲ್ಲ’ ಅನ್ನಬೇಡಿ. ಎಷ್ಟು ರಾತ್ರಿ ಕೂರಿಸಿಕೊಂಡು ಕಲಿಸಿದೆವು ಎಂದು ಮೊದಲು ನಾವೇ ಲೆಕ್ಕ ಹಾಕೋಣ.