ಬಾಗಿಲಿಗೆ ಬಂದ ರೋಗಿ

1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ಕ್ಷಯವೆಂಬುದು ನಗರಗಳ ಇಕ್ಕಟ್ಟಾದ ಕೇರಿಗಳಿಗೆ ಅಂಟಿದ ವ್ಯಾಧಿಯೆಂದು ಅದುವರೆಗೆ ನಂಬಿದ್ದವರ ಗ್ರಹಿಕೆಯನ್ನು ಅಲ್ಲಗಳೆದು, ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಮೆ ಅಷ್ಟೇ ಪ್ರಬಲವಾಗಿದೆಯೆಂಬುದನ್ನು ಸ್ಥಾಪಿಸಿತು. ಎಷ್ಟು ಸ್ಯಾನಿಟೋರಿಯಂಗಳನ್ನು ಕಟ್ಟಿದರೂ ಅಷ್ಟು ಜನಕ್ಕೆ ಹಾಸಿಗೆ ಒದಗುವ ಸಂಭವವಿರಲಿಲ್ಲ. ಮನೆಯಲ್ಲಿಯೇ ಇದ್ದು ಔಷಧವನ್ನು ಸೇವಿಸಿದ ಬಡ ರೋಗಿಗಳೂ ಸ್ಯಾನಿಟೋರಿಯಮ್ಮಿನ ವಿಶ್ರಾಂತಿ ಪುಷ್ಟಾಹಾರಗಳನ್ನು ಪಡೆದವರಿಗೆ ಬಹುಮಟ್ಟಿಗೆ ಸಮನಾಗಿಯೇ ಗುಣಹೊಂದಿದರೆಂದು ಮದರಾಸಿನ ಸಂಶೋಧಕರು 1959ರಲ್ಲಿ ತೋರಿಸಿಕೊಟ್ಟಾಗ ಈ ಕಷ್ಟದ ಅರ್ಧಭಾಗವು ಪರಿಹಾರವಾಯಿತು. ಉಳಿದ ಅರ್ಧ, ಆ ರೋಗಿಗಳನ್ನು ಕಂಡುಹಿಡಿಯುವ ಬಗೆ ಹೇಗೆಂಬುದು.

ಈ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ನಾಡಿನಲ್ಲಿ. ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಭವನದಲ್ಲಿ ಆಗತಾನೆ ನೆಲೆಗೊಂಡಿದ್ದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು, ಹಳ್ಳಿಯ ಜನ ಅಜ್ಞರು, ಕೆಮ್ಮನ್ನು ಲೆಕ್ಕಿಸರು, ಮನೆಮನೆಗೆ ಹೋಗಿ ಹುಡುಕದ ಹೊರತು ಸಿಕ್ಕರು ಎಂಬ ರೂಢಿಯ ಮಾತನ್ನು ಒಪ್ಪಿಕೊಂಡು ಕೂರದೆ, ತುಮಕೂರು ಜಿಲ್ಲೆಯ ರೋಗಿಗಳನ್ನೇ ವಿಚಾರಿಸಿದರು. ಕಫದಲ್ಲಿ ರೋಗಾಣು ಕಂಡುಬಂದಿದ್ದವರಲ್ಲಿ ಹೆಚ್ಚುಕಡಮೆ ಎಲ್ಲರಿಗೂ ತಮ್ಮ ದೇಹದ ತೊಂದರೆಯ ಅರಿವಿತ್ತು. ಶೇಕಡಾ 70ಕ್ಕೂ ಮಿಕ್ಕವರು ಅದಕ್ಕಾಗಿ ಚಿಂತಿತರಾಗಿದ್ದರು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲನ್ನು ತಟ್ಟಿ, ಕೆಮ್ಮಿನ ಔಷಧದ ಒಂದು ಸೀಸೆಯನ್ನು ಹಿಡಿದು ಹಿಂದಿರುಗಿದ್ದರು. ರೋಗಿಯು ವೈದ್ಯನ ಬಳಿಗೆ ಬಂದಿದ್ದನು. ವೈದ್ಯನು ಅವನನ್ನು ಕಾಣಲಿಲ್ಲ. ನಮ್ಮ ಆರೋಗ್ಯ ವ್ಯವಸ್ಥೆಯನ್ನು ಕುರಿತು ಇದಕ್ಕಿಂತ ಬೆಲೆಯುಳ್ಳ ಸತ್ಯವನ್ನು ಬೇರೆ ಯಾವ ಅಧ್ಯಯನವಾದರೂ ಹೊರಗೆಡಹಿರುವುದನ್ನು ನಾನು ಕಾಣೆ.

1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಈ ವಿಚಾರದ ತಳಹದಿಯ ಮೇಲೆಯೇ ನಿಂತಿತು. ಜಿಲ್ಲೆಗೊಂದು ಕ್ಷಯ ಕೇಂದ್ರ; ಅದರ ಮೇಲ್ವಿಚಾರಣೆಯಲ್ಲಿ, ಜ್ವರ ಹೆರಿಗೆಗಳನ್ನು ನೋಡುತ್ತಿದ್ದ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ, ಬಹುದಿನ ಕೆಮ್ಮುತ್ತಿರುವವರ ಕಫದ ಪರೀಕ್ಷೆ ಮತ್ತು ಔಷಧ ವಿತರಣೆ. ಆಲೋಚನೆ ಸರಿಯಾಗಿತ್ತು, ಕೈಗೂಡಿದ್ದು ಅರೆಪಾಲು. ಹಣ ಸಾಲದೆ, ಔಷಧದ ಪೂರೈಕೆ ಕಡಿದುಹೋಗಿ, ಚಿಕಿತ್ಸೆಯನ್ನು ಮೊದಲು ಮಾಡಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅದನ್ನು ಮುಗಿಸುತ್ತಿರಲಿಲ್ಲವೆಂದು 1992ರ ವಿಮರ್ಶೆ ತಿಳಿಸಿತು. ಪರಿಷ್ಕೃತ ಕಾರ್ಯಕ್ರಮವು 1997ರಲ್ಲಿ ವಿಸ್ತಾರಗೊಳ್ಳತೊಡಗಿ ದೇಶವನ್ನೆಲ್ಲ ವ್ಯಾಪಿಸುವಷ್ಟರಲ್ಲಿ 2006ನೆಯ ಇಸವಿ ಬಂದಿತ್ತು.

ಈ ವೃತ್ತಾಂತವನ್ನು ಇಂದು ಎತ್ತಿದ್ದಕ್ಕೆ ಕಾರಣವುಂಟು. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ರಕ್ತದೊತ್ತಡವುಳ್ಳವರು ಅದಕ್ಕೂ ಅಧಿಕ. ಇಂಥ ರೋಗಗಳಿಗಾಗಿ 2010ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕಾರ್ಯಕ್ರಮವೂ, ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯೂ ಮೂವತ್ತು ವರ್ಷ ದಾಟಿದವರನ್ನು ತಪಾಸಣೆಗೆ ಒಳಪಡಿಸುತ್ತಿವೆ. ಈ ರೋಗಗಳು ಬಹುಕಾಲ ಯಾವ ಲಕ್ಷಣವನ್ನೂ ತೋರದೆ ಇರತಕ್ಕವಾದುದರಿಂದ ಇಲ್ಲಿ ಮನೆಬಾಗಿಲಿಗೆ ಹೋಗುವುದು ಉಚಿತವೇ ಸರಿ. ಆಶಾ ಕಾರ್ಯಕರ್ತೆಯರ ಆ ಶ್ರಮವು ನಿಜವಾಗಿಯೂ ಗೌರವಾರ್ಹವಾದುದು. ಆದರೆ ತಪಾಸಣೆಗೊಂಡವರ ಸಂಖ್ಯೆಯನ್ನು ಪತ್ರಿಕೆಗಳಲ್ಲಿ ಓದುವಾಗಲೆಲ್ಲ, ಅವರಲ್ಲಿ ಎಷ್ಟು ಜನಕ್ಕೆ ಮೂರನೆಯ ತಿಂಗಳಿನ ಮಾತ್ರೆಯೂ ಊರ ಹತ್ತಿರದಲ್ಲಿಯೇ ದೊರೆಯಿತೆಂಬ ಪ್ರಶ್ನೆ ನನ್ನನ್ನು ಬಿಡದು. 2017ರಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳ ಕೆಲವು ಜಿಲ್ಲೆಗಳಲ್ಲಿ ಕೈಗೊಂಡ ರಕ್ತದೊತ್ತಡ ನಿಯಂತ್ರಣದ ಉಪಕ್ರಮವು, ಎಷ್ಟು ಮಂದಿಯನ್ನು ಪರೀಕ್ಷಿಸಲಾಯಿತೆಂಬುದರ ಜೊತೆಗೆ, ಹೆಸರು ಬರೆಯಿಸಿದವರಲ್ಲಿ ಎಷ್ಟು ಮಂದಿಯ ಒತ್ತಡ ಹತೋಟಿಗೆ ಬಂದಿತೆಂಬುದನ್ನೂ ಲೆಕ್ಕವಿಡುತ್ತದೆ. ಪ್ರತಿಯೊಂದು ತಾಲ್ಲೂಕಿನ ಈ ಎರಡು ಅಂಕಿಗಳನ್ನೂ ಒಂದೇ ಪುಟದಲ್ಲಿ ಅಚ್ಚುಹಾಕಿಸಿ ಜನರ ಮುಂದೆ ಇಡಬೇಕೆಂದು ನಮ್ಮ ಶಾಸಕರು ಸರ್ಕಾರವನ್ನು ಕೇಳಬೇಕು.